ಜೆಂಡರ್‌ಲೆಸ್ ಕಲೆಕ್ಷನ್ ಅಂದ್ರೆ ಓವರ್‌ಸೈಜ್ ಬಿಟ್ಟು ಬೇರೆ ದಾರಿನೇ ಇಲ್ವಾ?

ದಾರದುಂಡೆ:
ಫ್ಯಾಷನ್ ಡಿಸೈನ್ ಫೈನಲ್ ಇಯರ್. ಗಂಡು ಹೆಣ್ಣು ಯಾರು ಬೇಕಾದ್ರೂ ಹಾಕೋಬಹುದಾದ ಲುಕ್ಸ್ ಮಾಡ್ತಿದೀನಿ, ಐಡಿಯಾಗೆ ಚಿತ್ರಗಳನ್ನ ಅಂಟಿಸ್ಕೊಂಡಿರೋ ಮೂಡ್‌ಬೋರ್ಡ್ ಮೇಲೆ ನಟಿ ಮರ್ಲೀನ್ ಡೀಟ್ರಿಚ್, ಹಾಡುಗಾರರಾದ ಡೇವಿಡ್ ಬೋವೀ, ಪ್ರಿನ್ಸ್, ಗ್ರೇಸ್ ಜೋನ್ಸ್ ಇದಾರೆ. ಎಲ್ರೂ ಹೇಳೋದು ಯುನಿಸೆಕ್ಸ್ ಅಂದ್ರೆ ಲೂಸ್ ಹೂಡಿ, ಬೂದು ಬಣ್ಣ ಅಂತ. ಆದ್ರೆ ಈ ನಾಲ್ಕು ಜನದಲ್ಲಿ ಒಬ್ರೂ ಮೈ ಮುಚ್ಚಿಟ್ಕೊಂಡು ಹೆಸರು ಮಾಡಿದವ್ರಲ್ವಲ್ಲ! ಫಿಟ್ ಬಿಡದೆ ಎರಡೂ ಥರದ ಮೈಗೆ ಕೂರಿಸೋದು ಹೇಗೆ?

ಕತ್ತರಿ_ಕೈ:
ಒಳ್ಳೆ ಪ್ರಶ್ನೆ. 1930ರ 'ಮೊರಾಕೊ' ಸಿನಿಮಾದಲ್ಲಿ ಡೀಟ್ರಿಚ್ ಟೇಲ್‌ಕೋಟು, ಟಾಪ್ ಹ್ಯಾಟ್ ಹಾಕಿದ್ದು ನೋಡು, ಗಂಡಸರ ಕೋಟನ್ನ ಹಾಗೇ ಎತ್ತಿ ಹಾಕ್ಕೊಂಡಂಗೆ ಒಂಚೂರೂ ಕಾಣಲ್ಲ, ಅವಳ ಮೈಗೇ ಕೂತಿದೆ. 1966ರಲ್ಲಿ ಡಿಸೈನರ್ ಈವ್ ಸೇಂಟ್ ಲೊರಾನ್ 'ಲ ಸ್ಮೋಕಿಂಗ್' ಸೂಟ್ ಮಾಡಿದಾಗಲೂ ಗಂಡಸರ ಟಕ್ಸಿಡೋನ ಹೆಣ್ಣಿನ ಮೈಗೆ ಕಟ್ ಮಾಡಿದ್ದು. ಅಂದ್ರೆ ಅವು ಒಂದು ಮೈಯ ಬಟ್ಟೆ, ನಿಂಗೆ ಬೇಕಿರೋದು ಎರಡಕ್ಕೂ. ಭುಜದ ಅಗಲದಲ್ಲೇ ಜಾಸ್ತಿ ಕಷ್ಟ ಬರೋದು, ಅದಕ್ಕೆ ಭುಜದ ತುದೀಲಿ ಹೊಲಿಯೋ ಸೆಟ್-ಇನ್ ತೋಳು ಬಿಟ್ಟು, ಕುತ್ತಿಗೆಯಿಂದ ಕಂಕುಳಿಗೆ ಓರೆ ಹೊಲಿಗೆ ಬರೋ ರ‍್ಯಾಗ್ಲಾನ್ ಇಡು, ಭುಜದ ಹೊಲಿಗೆ ಇಂಥಾ ಕಡೆನೇ ಬೀಳ್ಬೇಕು ಅನ್ನೋ ತಲೆನೋವೇ ಇರಲ್ಲ. ಎದೆ ಡಾರ್ಟ್ (ಆಕಾರಕ್ಕೆ ಬಟ್ಟೆ ಒಳಕ್ಕೆ ಮಡಿಸಿ ಹೊಲಿಯೋದು) ಕಣ್ಣಿಗೆ ಕಾಣೋ ಹಾಗೆ ಬೇಡ, ಯೋಕ್ ಸೀಮ್ (ಭುಜದ ಕೆಳಗೆ ಅಡ್ಡ ಬರೋ ಹೊಲಿಗೆ) ಒಳಗೆ ಸೇರಿಸ್ಬಿಡು, ಸೊಂಟಕ್ಕೆ ಎರಡೂ ಪಕ್ಕ ಬಿಗಿ ಮಾಡೋ ಟ್ಯಾಬ್ ಕೊಡು. ಮುಂಭಾಗ ಅಗಲವಾಗಿ ಒಂದರ ಮೇಲೊಂದು ಬರೋ ಹಾಗೆ ಡಬಲ್ ಬ್ರೆಸ್ಟೆಡ್ ಮಾಡಿದ್ರೆ ಎರಡೂ ಕಡೆ ಕಾಜಾ ಹೊಡಿ, ಎಡಕ್ಕೋ ಬಲಕ್ಕೋ ಹಾಕೋರೇ ನೋಡ್ಕೊಳ್ಲಿ.

ಮಗ್ಗದಮನೆ:
ಬೋವೀ ವಿಷ್ಯಕ್ಕೆ ಬಂದ್ರೆ ದಯವಿಟ್ಟು ಮುಖದ ಮೇಲಿನ ಮಿಂಚಿನ ಆಕಾರದ ಮೇಕಪ್ ತಗೋಬೇಡ, ಅದನ್ನ ಎಲ್ಲರೂ ಮಾಡಿ ಮುಗಿಸಿದಾರೆ. 1973ರ ಟೂರ್‌ಗೆ ಜಪಾನಿ ಡಿಸೈನರ್ ಕಾನ್ಸಾಯ್ ಯಮಮೊಟೊ ಮಾಡಿಕೊಟ್ಟ ಬಟ್ಟೆ ನೋಡು, ಕಪ್ಪು ವಿನೈಲ್ ಮೇಲೆ ಬಿಳಿ ಗೆರೆ, ಕಾಲು ಬಿಲ್ಲಿನ ಥರ ಆಚೆಗೆ ಬಾಗಿರುತ್ತೆ, ಆ ಆಕಾರದೊಳಗೆ ಯಾರ ಮೈ ಇದ್ರೂ ಬಟ್ಟೆ ತನ್ನ ಆಕಾರದಲ್ಲೇ ನಿಂತಿರುತ್ತೆ. ಲೂಸ್ ಅಲ್ಲ, ಆದ್ರೂ ಗಂಡು ಹೆಣ್ಣು ಅಂತ ಕೇಳಲ್ಲ. ಕಿಮೋನೋನೂ ಅಷ್ಟೇ, ನೇರ ಪಟ್ಟಿಗಳು, ಫಿಟ್ ಎಲ್ಲಾ ಕಟ್ಟೋದ್ರಲ್ಲಿ. ನಮ್ಮ ಪಂಚೇಲೂ ಅದೇ ಲೆಕ್ಕ ಅಲ್ವಾ, ಸುತ್ತೋ ಪ್ಯಾನೆಲ್ ಒಂದು ಪ್ಯಾಂಟಿಗೆ ಸೇರ್ಸಿ ನೋಡು.

ನೇರಳೆ_ಲೇಸು:
ಇಬ್ರೂ ಚೆನ್ನಾಗಿ ಹೇಳಿದೀರ ಆದ್ರೆ ಒಂದು ಮಾತು, ಜೆಂಡರ್‌ಲೆಸ್ ಅಂತ ಮಾಡೋ ಮುಕ್ಕಾಲು ಪಾಲು ಕಲೆಕ್ಷನ್‌ನಲ್ಲಿ ಹುಡುಗೀರಿಗೆ ಪ್ಯಾಂಟು ಕೋಟು ಹಾಕಿಸ್ತಾರೆ ಹೊರತು ಹುಡುಗರಿಗೆ ಲೇಸು, ನಿರಿಗೆ, ಹೀಲ್ಸ್ ಯಾರೂ ಕೊಡಲ್ಲ, ಗಂಡಸರ ಬಟ್ಟೆನೇ ಎಲ್ರದ್ದೂ ಅಂದ್ಕೊಂಡು ಬಿಟ್ಟಿದೀವಿ, ನಂಗಿದು ನಿಜವಾಗ್ಲೂ ಬೇಜಾರು. 1971ರಲ್ಲೇ ಬೋವೀ ಡಿಸೈನರ್ ಮೈಕಲ್ ಫಿಶ್ ಮಾಡಿದ ಉದ್ದ ಡ್ರೆಸ್ ಹಾಕಿ ಬ್ರಿಟನ್ನಿನಲ್ಲಿ ಬಂದ ತನ್ನ ರೆಕಾರ್ಡಿನ ಕವರ್ ಮೇಲೆ ಮಲಗಿದ್ದ. ಪ್ರಿನ್ಸ್ 1984ರಲ್ಲಿ ನೇರಳೆ ಕೋಟು, ಕುತ್ತಿಗೆ ತುಂಬಾ ರಫಲ್. ನಿನ್ನ ಲುಕ್ಸಲ್ಲಿ ಅರ್ಧನಾದ್ರೂ ಈ ಕಡೆಯಿಂದ ಶುರುವಾಗ್ಲಿ.

ದಾರದುಂಡೆ:
ಇದು ಹೊಳೆದೇ ಇರ್ಲಿಲ್ಲ, ರಫಲ್ ಶರ್ಟು ರ‍್ಯಾಗ್ಲಾನ್ ತೋಳಲ್ಲಿ ಮಾಡ್ತೀನಿ. ಸೈಜ್ ಹೇಗೆ ಬರೆಯೋದು?

ಕತ್ತರಿ_ಕೈ:
ಎದೆ ಸುತ್ತಳತೆ ಮತ್ತೆ ಎತ್ತರ, ಎರಡೇ ಸಾಕು. ಮೊದ್ಲು ಕೋರಾ ಬಟ್ಟೇಲಿ ಹೊಲಿದು ಒಬ್ಬ ಹುಡುಗ ಒಬ್ಬಳು ಹುಡುಗಿ ಇಬ್ರಿಗೂ ಹಾಕ್ಸು, ಕೈ ಮೇಲೆತ್ತಿಸಿ ಕೂರಿಸಿ ನೋಡು, ಆಮೇಲೇ ಒಳ್ಳೆ ಬಟ್ಟೆಗೆ ಕತ್ತರಿ ಹಾಕು.