ಅಪ್‌ಡೇಟ್: ಇಎಂಟಿ ಕೋರ್ಸಿಗೆ ಕಾಲೇಜು ಸಿಕ್ತು

ಇಎಂಟಿ ಅಂದ್ರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಶಿಯನ್, ಆಂಬುಲೆನ್ಸಲ್ಲಿ ತುರ್ತು ಚಿಕಿತ್ಸೆ ಕೊಡೋರು. ಅದಕ್ಕೆ ಮನೆ ಹತ್ತಿರದ ಆರು ತಿಂಗಳ ಸರ್ಟಿಫಿಕೇಟೋ, ರಾಜೀವ್ ಗಾಂಧಿ ವಿವಿಯ ಬಿಎಸ್ಸಿ ಎಮರ್ಜೆನ್ಸಿ ಅಂಡ್ ಟ್ರಾಮಾ ಕೇರೋ ಅಂತ ಇಲ್ಲಿ ನಿಮ್ಮನ್ನ ಕೇಳಿದ್ದೆನಲ್ಲ, ಬಿಎಸ್ಸಿಗೇ ಸೇರಿದೆ.

"ಫೀಸ್ ಕೇಳೋ ಮೊದಲು ಲ್ಯಾಬ್ ನೋಡು" ಅಂದಿದ್ರಿ. ಸರ್ಟಿಫಿಕೇಟ್ ಕೊಡೋ ಆ ಸಣ್ಣ ಸಂಸ್ಥೆಗೆ ಹೋದೆ. ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತೋದು) ಕಲಿಯೋ ಗೊಂಬೆ ಇತ್ತು, ಆದ್ರೆ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿರಲಿಲ್ಲ! ಆಂಬುಲೆನ್ಸ್ ಪೋಸ್ಟಿಂಗ್ ಎಲ್ಲಿ ಅಂದ್ರೆ "ಅದೆಲ್ಲ ಆಮೇಲೆ ನೋಡೋಣ" ಅಂದ್ರು. ಅಲ್ಲಿಂದ ಸೀದಾ ಬಸ್ ಸ್ಟ್ಯಾಂಡಿಗೆ.

ಈಗಿನ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆ, ಕ್ಯಾಶುವಾಲ್ಟಿ ರಾತ್ರಿಯೆಲ್ಲ ಗಿಜಿಗುಡುತ್ತೆ. ನನ್ನ ಮಟ್ಟಿಗೆ ಕಲಿಯೋ ಜಾಗ ಅದೇ, ಕ್ಲಾಸ್‌ರೂಮಲ್ಲ. ಇನ್ನೊಂದು, 2021ರ ಅಲೈಡ್ ಹೆಲ್ತ್ ಕಾಯ್ದೆಯಲ್ಲಿರೋ (ಡಾಕ್ಟರ್, ನರ್ಸ್ ಬಿಟ್ಟು ಬೇರೆ ಆರೋಗ್ಯ ವೃತ್ತಿಗಳ ಕಾಯ್ದೆ) ವೃತ್ತಿಗಳ ಪಟ್ಟಿಯಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್ ಅಂತ ಹೆಸರೇ ಇದೆ. "ಇಷ್ಟು ವರ್ಷ ಯಾಕೆ, 108ರಲ್ಲಿ ಬೇಗ ಕೆಲಸ ಸಿಗಲ್ವಾ?" ಅಂತಿದ್ದ ಅಪ್ಪನಿಗೆ ಅದನ್ನ ತೋರಿಸಿದ ಮೇಲೆ ಸುಮ್ಮನಾದ್ರು. ಪೂರ್ತಿ ಒಪ್ಪಿದಾರೆ ಅಂತೇನಲ್ಲ.

ಮೊದಲ ವರ್ಷ ಹೆಚ್ಚಾಗಿ ಅನಾಟಮಿ, ಫಿಸಿಯಾಲಜಿ ಥರದ ವಿಷಯಗಳೇ. ಸ್ವಲ್ಪ ಬೋರು. ಆದ್ರೆ ಮೊನ್ನೆ ಗೊಂಬೆ ಮೇಲೆ ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ ಎರಡು ನಿಮಿಷ ಎದೆ ಒತ್ತಿದೆ, ಕೈ ಇನ್ನೂ ನೋಯ್ತಿದೆ.