ಸಹಾಯ ಬೇಕು: ‘ಟ್ಯೂಸ್‌ಡೇ’ನಾ, ‘ಟ್ಯೂಸ್‌ಡೇಸ್’ ಆ?

ಎಲ್ಲರಿಗೂ ನಮಸ್ಕಾರ. ಜಯನಗರದಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ ಇದೆ. ‘ಕ್ಲೋಸ್ಡ್ ಆನ್ ಟ್ಯೂಸ್‌ಡೇ’ ಅಂತ ಬೋರ್ಡ್ ಹಾಕಿದ್ದೆ. ಗಿರಾಕಿಯೊಬ್ಬರು ‘ಈ ಮಂಗಳವಾರ ಮಾತ್ರಾನಾ?’ ಅಂತ ಕೇಳಿದರು. ಪ್ರತಿ ವಾರ ಅನ್ನೋಕೆ ಕೊನೆಗೆ ಎಸ್ ಸೇರಿಸಿ ‘ಟ್ಯೂಸ್‌ಡೇಸ್’ ಅನ್ನಬೇಕಂತೆ. ‘ಎವ್ರಿ’ ಹಾಕಿದರೆ ಮಾತ್ರ ಎಸ್ ಬೇಡವಂತೆ. ನಾವು ಸುಮ್ನೆ ‘ಮಂಗಳವಾರ ರಜೆ’ ಅಂದರೆ ಸಾಕು, ಯಾರೂ ‘ಮಂಗಳವಾರಗಳು ರಜೆ’ ಅನ್ನಲ್ಲ ಅಲ್ವಾ!

ಅದು ಹೋಗಲಿ. ಇಂಗ್ಲಿಷ್‌ನಲ್ಲಿ ವಾರದ ಹೆಸರಿಗೆ ಮೊದಲು ‘ಎ’, ‘ದಿ’ ಬರಲ್ಲ ಅಂತ ಕಲಿತಿದ್ದೆ. ಮಗಳ ಪುಸ್ತಕದಲ್ಲಿ ‘ಬಾರ್ನ್ ಆನ್ ಎ ಫ್ರೈಡೇ’ ಅಂತಿದೆ. ಇನ್ನೊಂದು ಕಡೆ ‘ದಿ ಫ್ರೈಡೇ ಬಿಫೋರ್ ದೀಪಾವಳಿ’. ಇವೆರಡೂ ಸರಿನಾ? ಯಾವಾಗ ಯಾವುದು? ದಯವಿಟ್ಟು ಉದಾಹರಣೆ ಕೊಟ್ಟು ಹೇಳಿ. ಬೋರ್ಡ್ ಬರೆಯುವವರು ಶನಿವಾರ ಬರುತ್ತಾರೆ.