ಪದಚರ್ಚೆ: ‘ಸೀಡ್ ಮನಿ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಾನು ಕಲಬುರಗಿಯಲ್ಲಿ ಕನ್ನಡ ಪಾಠ ಮಾಡುವವನು. ಕನ್ನಡದ ಮೇಷ್ಟ್ರು ಅಂದಮೇಲೆ ಸುತ್ತೋಲೆಗಳನ್ನು ಕನ್ನಡಕ್ಕೆ ತರುವ ಕೆಲಸವೂ ತಾನಾಗಿ ಬಂದು ಹೆಗಲಿಗೆ ಬೀಳುತ್ತದೆ. ಈ ಸಲ ಬಂದದ್ದು, ವಿಶ್ವವಿದ್ಯಾಲಯ ತನ್ನ ಅಧ್ಯಾಪಕರಿಗೆ ತನ್ನದೇ ಹಣದಿಂದ ಕೊಡುವ ನೆರವಿನ ಸುತ್ತೋಲೆ. ಸಂಶೋಧನೆ ಶುರು ಮಾಡಲು ಒಂದಿಷ್ಟು, ಹೊಸ ಬಗೆಯಲ್ಲಿ ಪಾಠ ಮಾಡಿ ನೋಡಲು ಒಂದಿಷ್ಟು, ಸಮ್ಮೇಳನಕ್ಕೆ ಹೋಗಿಬರಲು ಒಂದಿಷ್ಟು. ಎರಡೇ ಪುಟ. ಅರ್ಧ ದಿನದಲ್ಲಿ ಮುಗಿಸಿಬಿಡಬಹುದು ಅಂದುಕೊಂಡಿದ್ದೆ. ಮೂರು ದಿನದಿಂದ ಒಂದೇ ಪದದ ಮುಂದೆ ಕೂತಿದ್ದೇನೆ. ಸೀಡ್ ಮನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಹೊಸದಾಗಿ ಸೇರಿದ ಅಧ್ಯಾಪಕರಿಗೆ ಹೊರಗಿನ ದೊಡ್ಡ ಯೋಜನೆ ಸುಲಭಕ್ಕೆ ಸಿಗುವುದಿಲ್ಲ. ‘ಇದುವರೆಗೆ ಏನು ಮಾಡಿದ್ದೀರಿ’ ಅಂತ ಮೊದಲೇ ಕೇಳುತ್ತಾರೆ. ಹಾಗಾಗಿ ವಿಶ್ವವಿದ್ಯಾಲಯವೇ ಸಣ್ಣ ಮೊತ್ತ ಕೊಡುತ್ತದೆ. ಅದರಲ್ಲಿ ನಾಲ್ಕು ಊರು ಸುತ್ತಿ ಮಾಹಿತಿ ತರಬಹುದು, ಸಣ್ಣ ಪ್ರಯೋಗ ಮಾಡಬಹುದು. ಅದನ್ನು ತೋರಿಸಿ ಹೊರಗಿನ ಹಣಕ್ಕೆ ಅರ್ಜಿ ಹಾಕಬಹುದು. ಈ ಹಣವನ್ನು ವಾಪಸ್ ಕೊಡಬೇಕಾಗಿಲ್ಲ. ಲೆಕ್ಕ ಮಾತ್ರ ಕೊಡಬೇಕು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ನ್ಯಾಕ್‌ನವರು ವಿಶ್ವವಿದ್ಯಾಲಯಗಳನ್ನು ಅಳೆಯುವಾಗ ಅಧ್ಯಾಪಕರಿಗೆ ಸೀಡ್ ಮನಿ ಕೊಡುತ್ತೀರಾ ಅಂತ ಕೇಳುವುದರಿಂದ ಈ ಪದ ಈಗ ಎಲ್ಲರ ಬಾಯಲ್ಲೂ ಇದೆ.

ಮೊದಲು ನಾನು ಕಣ್ಣುಮುಚ್ಚಿ ‘ಬೀಜಧನ’ ಅಂತ ಬರೆದೆ. ಕರಡನ್ನು ಜೆರಾಕ್ಸ್‌ಗೆ ಕೊಟ್ಟಾಗ ನಮ್ಮ ಅಟೆಂಡರ್ ಓದಿ ಕೇಳಿದರು: “ಯಾನ್ರಿ ಸರ, ತೊಗರಿ ಬೀಜಕ್ಕ ರೊಕ್ಕ ಕೊಡ್ಲತ್ತಾರೇನು? ನಮಗೂ ಬರತದೇನ್ರಿ?” ಅವರದೇನೂ ತಪ್ಪಿಲ್ಲ. ಇದು ತೊಗರಿಯ ಕಣಜ. 2019ರಲ್ಲಿ ಇಲ್ಲಿನ ತೊಗರಿಬೇಳೆಗೆ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ಇಲ್ಲಿ ಬೀಜ ಅಂದರೆ ಬೀಜವೇ. ರೈತ ಸಂಪರ್ಕ ಕೇಂದ್ರದ ಮುಂದೆ ಸರದಿ ನಿಂತು ತರುವಂಥದ್ದು.

ಸರಿ, ‘ಬೀಜ ಬಂಡವಾಳ’ ಅನ್ನೋಣ ಅಂದರು ಬೀದರ್ ಕಡೆಯ ಸಹೋದ್ಯೋಗಿ. ಗಡಿಯಾಚೆ ಮರಾಠಿಯವರು ಸಾಲ ಯೋಜನೆಗಳಲ್ಲಿ ‘ಬೀಜಭಾಂಡವಲ’ ಅನ್ನುತ್ತಾರಂತೆ. ಆದರೆ ಬಂಡವಾಳ ಅಂದ ಕೂಡಲೇ ಲಾಭದ ವಾಸನೆ ಬರುತ್ತದೆ. ಅಲ್ಲದೆ ಸಂಶೋಧಕರ ‘ಬಂಡವಾಳ ಬಯಲಾಯಿತು’ ಅಂತ ಆಡಿಕೊಳ್ಳಲು ಯಾರಿಗಾದರೂ ಎಷ್ಟು ಹೊತ್ತು ಬೇಕು?

‘ಅನುದಾನ’ ಇದೆಯಲ್ಲ ಅಂತ ನೀವು ಕೇಳಬಹುದು. ಯುಜಿಸಿಯ ಹೆಸರಲ್ಲೇ ಇದೆ, ವಿಶ್ವವಿದ್ಯಾಲಯ ಅನುದಾನ ಆಯೋಗ. ನನ್ನ ತಕರಾರು ಇಷ್ಟೇ: ಅನುದಾನ ಅಂದರೆ ಜನರ ಮನಸ್ಸಿಗೆ ಬರುವುದು ಮೇಲಿನಿಂದ ಕೆಳಗೆ ಬರುವ ಸರ್ಕಾರಿ ಹಣ. ಅನುದಾನಿತ ಶಾಲೆ, ಶಾಸಕರ ಅನುದಾನ. ‘ಸಹಾಯಧನ’ವನ್ನು ತುಂತುರು ನೀರಾವರಿ ಪೈಪು ಆಗಲೇ ಹಿಡಿದುಕೊಂಡಿದೆ. ‘ಪ್ರೋತ್ಸಾಹಧನ’ ಹಾಲು ಹಾಕುವವರದ್ದು, ‘ಗೌರವಧನ’ ಅತಿಥಿ ಉಪನ್ಯಾಸಕರದ್ದು ಮತ್ತು ಆಶಾ ಕಾರ್ಯಕರ್ತೆಯರದ್ದು. ಧನಗಳೆಲ್ಲ ಮುಗಿದುಹೋಗಿವೆ ನೋಡಿ.

ಹಳೆಯ ರೈತರ ಬಾಯಲ್ಲಿ ‘ತಗಾವಿ’ ಅಂತೊಂದು ಮಾತಿತ್ತು. ಅರಬ್ಬಿಯಿಂದ ಬಂದದ್ದು, ಬಲ ಕೊಡುವುದು ಅಂತ ಮೂಲ ಅರ್ಥ. ಬೀಜಕ್ಕೆ, ಎತ್ತಿಗೆ, ಬಾವಿಗೆ ಅಂತ ಸರ್ಕಾರ ಕೊಡುತ್ತಿದ್ದ ಹಣ. ಅರ್ಥ ಎಷ್ಟು ಹತ್ತಿರ! ಆದರೆ ಅದು ಸಾಲ. ತೀರಿಸಬೇಕು.

‘ಮೊದಲು’ ಅನ್ನುವ ಪದಕ್ಕೇ ಅಸಲು ಅನ್ನುವ ಅರ್ಥ ಇದೆ. ‘ಮೊದಲಿಗೇ ಮೋಸ’ ಅನ್ನುವಾಗ ನಾವು ಆಡುವುದು ಅದನ್ನೇ. ಇದು ನನಗೆ ತುಂಬ ಇಷ್ಟವಾದ ಪದ. ಆದರೆ ‘ಮೊದಲ ಹಣ’ ಅಂತ ಬರೆದರೆ ಮೊದಲ ಕಂತು ಅಂತ ಓದಿ, ಎರಡನೆಯದು ಯಾವಾಗ ಅಂತ ಕೇಳುತ್ತಾರೆ.

ಹುಡುಕುತ್ತಾ ನಾಗಾವಿಯವರೆಗೂ ಹೋದೆ. ಚಿತ್ತಾಪುರದ ಹತ್ತಿರದ ಊರು, ಚಾಲುಕ್ಯರ ಕಾಲದ ಘಟಿಕಾಸ್ಥಾನ, ಅಂದರೆ ಆಗಿನ ದೊಡ್ಡ ವಿದ್ಯಾಕೇಂದ್ರ. 1058ರ ಅಲ್ಲಿನ ಶಾಸನದಲ್ಲಿ ಕಲಿಸುವವರ ಜೊತೆಗೆ ಪುಸ್ತಕ ಕಾಯುವವರ ಲೆಕ್ಕವೂ ಇದೆ. ಆರು ಮಂದಿ ‘ಸರಸ್ವತೀ ಭಂಡಾರಿಗರು’. ಲೈಬ್ರರಿಯನ್‌ಗೆ ಇದಕ್ಕಿಂತ ಚಂದದ ಹೆಸರು ಇದೆಯಾ? ಇಂಥವರ ಬದುಕಿಗೆ ಭೂಮಿ ಬಿಡುತ್ತಿದ್ದರು. ಶಾಸನಗಳಲ್ಲಿ ಅದಕ್ಕೆ ಭಟ್ಟವೃತ್ತಿ ಮುಂತಾದ ಹೆಸರುಗಳಿವೆ. ಅಂದರೆ ‘ವೃತ್ತಿ’ ಆಗ ಕಲಿಸುವವರಿಗೆ ಸಿಗುತ್ತಿದ್ದ ನೆರವು. ಈಗ ವೃತ್ತಿ ಅಂದರೆ ಮಾಡುವ ಕೆಲಸ. ‘ಬೋಧನಾ ವೃತ್ತಿಗೆ ಅರ್ಜಿ’ ಅಂತ ಸುತ್ತೋಲೆ ಹೊರಡಿಸಿದರೆ ಮರುದಿನ ಕೆಲಸ ಕೇಳಿಕೊಂಡು ನೂರು ಜನ ಬಂದು ನಿಲ್ಲುತ್ತಾರೆ.

ಕೊನೆಗೆ ಪದ ಸಿಕ್ಕಿದ್ದು ಅಡುಗೆಮನೆಯಲ್ಲಿ. ರಾತ್ರಿ ನಮ್ಮಮ್ಮ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದು ಹಾಲಿಗೆ ಹಾಕುತ್ತಿದ್ದರು. ಚಮಚದಷ್ಟು ಮೊಸರು, ಬೆಳಗಾದರೆ ಪಾತ್ರೆ ತುಂಬ ಮೊಸರು. ತಂದ ಹೆಪ್ಪನ್ನು ಯಾರೂ ವಾಪಸ್ ಕೇಳುವುದಿಲ್ಲ. ನಾಳೆ ನಮ್ಮ ಮನೆಯಿಂದ ಇನ್ನೊಬ್ಬರು ಒಯ್ಯುತ್ತಾರೆ. ಸೀಡ್ ಮನಿ ಮಾಡಬೇಕಾದ ಕೆಲಸವೂ ಇದೇ ಅಲ್ವಾ? ‘ಹೆಪ್ಪು ಹಣ’ ಅಂತ ಬರೆದೇಬಿಟ್ಟೆ.

ಲೆಕ್ಕಪತ್ರ ವಿಭಾಗದವರು ಒಪ್ಪಲಿಲ್ಲ. “ಹೆಪ್ಪುಗಟ್ಟಿದ ಹಣ ಅಂದರೆ ಖಾತೆ ತಡೆಹಿಡಿದಿದ್ದಾರೆ ಅಂದುಕೊಳ್ತಾರೆ ಸರ್” ಅಂದರು. ಅದೂ ನಿಜ. ಹೆಪ್ಪು ಹಾಕುವುದು ಬೇರೆ, ಹೆಪ್ಪುಗಟ್ಟುವುದು ಬೇರೆ ಅಂತ ವಾದಿಸಿದೆ. ರಕ್ತ, ಮಂಜು, ಹಣ ಎಲ್ಲ ಹೆಪ್ಪುಗಟ್ಟುವ ಕಾಲದಲ್ಲಿ ನನ್ನ ಮೊಸರಿನ ಮಾತು ಅಷ್ಟೇನೂ ನಿಲ್ಲಲಿಲ್ಲ.

ಇನ್ನೆರಡು ಸಣ್ಣ ಅನುಮಾನ. ವಿಶ್ವವಿದ್ಯಾಲಯ ತನ್ನದೇ ಹಣದಿಂದ ಕೊಡುವುದು ಅನ್ನುವ ಅರ್ಥದ ‘ಇಂಟರ್ನಲ್’ಗೆ ‘ಆಂತರಿಕ’ ಅಂದರೆ ನಮ್ಮ ಹುಡುಗರಿಗೆ ಆಂತರಿಕ ಅಂಕಗಳೇ ನೆನಪಾಗುತ್ತವೆ. ‘ಸ್ವಂತ ನಿಧಿಯಿಂದ’ ಅಂದರೆ ಸಾಕಾ? ಗ್ರಾಮ ಪಂಚಾಯಿತಿಗಳಲ್ಲಿ ಹಾಗೇ ಅನ್ನುತ್ತಾರೆ. ಇನ್ನು ‘ಫ್ಯಾಕಲ್ಟಿ ಡೆವಲಪ್‌ಮೆಂಟ್’. ಹಿಂದಿನ ಕಡತದಲ್ಲಿ ಯಾರೋ ‘ನಿಕಾಯ ಅಭಿವೃದ್ಧಿ’ ಅಂತ ಬರೆದಿದ್ದಾರೆ. ನಿಕಾಯ ಅಂದರೆ ಕಲಾ ನಿಕಾಯ, ವಿಜ್ಞಾನ ನಿಕಾಯ. ಕಲಿಸುವ ಜನ ಅಲ್ಲ. ‘ಅಧ್ಯಾಪಕರ ಅಭಿವೃದ್ಧಿ’ ಅಂದರೂ ನಮ್ಮನ್ನು ರಸ್ತೆ, ಕೆರೆಗಳ ಸಾಲಿಗೆ ಸೇರಿಸಿದಂತೆ. ‘ಅಧ್ಯಾಪಕರ ಕಲಿಕೆ’ ಅಂತ ಸುಮ್ನೆ ಬರೆದರೆ ಕೆಲವರಿಗೆ ಅವಮಾನ ಅನ್ನಿಸುತ್ತದೋ ಏನೋ.

ಬಲ್ಲವರು ಹೇಳಿ. ನಿಮ್ಮ ಕಡೆ ಹೆಪ್ಪಿಗೆ ಬೇರೆ ಹೆಸರಿದೆಯಾ? ಹೆಪ್ಪುಗಟ್ಟುವ ಗೊಂದಲ ಬಾರದಂಥದ್ದು? ಅಥವಾ ‘ಸೀಡ್ ಮನಿ’ ಅಂತಲೇ ಕನ್ನಡ ಅಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳಲಾ? ‘ಸುತ್ತೋಲೆ’ ಅನ್ನುವ ಪದಕ್ಕೆ ಈಗ ಯಾರೂ ನಗುವುದಿಲ್ಲ ಅನ್ನುವ ಧೈರ್ಯದ ಮೇಲೆ ಕೇಳುತ್ತಿದ್ದೇನೆ. ಸೋಮವಾರ ಕುಲಸಚಿವರ ಸಹಿಗೆ ಕಳಿಸಬೇಕು, ಅಷ್ಟರೊಳಗೆ ಬರೆದರೆ ಒಳ್ಳೆಯದು.